ಬಾಗಿಲ ಹೊರಗೆ ನಿಂತವರು

ನವೆಂಬರ್ 30, ಭಾನುವಾರ

ಹಲಗೆಗೆ ಪ್ರೈಮರ್ ಬಣ್ಣದ ಎರಡನೇ ಕೋಟ್ ಮುಗಿಯಿತು. ಸೋಪು ಹಾಕಿ ತೊಳೆದರೂ ಕೈಯ ವಾಸನೆ ಹೋಗಿಲ್ಲ.

ಪೂಜೆ ಮುಗಿದ ಮೇಲೆ ಎಲ್ಲರೂ ಚರ್ಚಿನ ಹಿಂದಿನ ಹಾಲ್‌ಗೆ ಬಂದರು. ಪ್ರತಿ ಆಗಮನ ಕಾಲದಲ್ಲೂ, ಕ್ರಿಸ್‌ಮಸ್‌ಗೆ ಮುಂಚಿನ ಈ ನಾಲ್ಕು ವಾರ, ಹೀಗೆಯೇ... ದೊಡ್ಡ ಪ್ಲೈವುಡ್ ಹಲಗೆ, ಅದರ ಮೇಲೆ ಗೆರೆ, ಗೆರೆಯೊಳಗೆ ನಂಬರ್. ನಂಬರಿನ ಬಣ್ಣ ಯಾರು ಬೇಕಾದರೂ ತುಂಬಬಹುದು. ಮುಖಗಳು ಮಾತ್ರ ಕೊನೆಗೆ. ಅದು ನಮ್ಮ ಯಜಮಾನರ ಕೆಲಸವಾಗಿತ್ತು. ಅಂಗಡಿ ಬೋರ್ಡು ಬರೆದು ಪಳಗಿದ ಕೈ. ಚರ್ಚಿನವರಲ್ಲೇ ಯಾರದಾದರೂ ಮುಖ ಆರಿಸಿ ಬರೆಯುತ್ತಿದ್ದರು. ಯಾರದೆಂದು ನಾಲ್ಕನೇ ಭಾನುವಾರದವರೆಗೆ ನನಗೂ ಹೇಳುತ್ತಿರಲಿಲ್ಲ.

"ಈ ಸಲ ಮುಖ ನೀವೇ ಬರೀಬೇಕಮ್ಮ," ಅಂದರು ಫಾದರ್. "ಅವರ ಜೊತೆ ಇಷ್ಟು ವರ್ಷ ಬಣ್ಣ ಕಲಸಿದೀರಿ."

ತಲೆಯಾಡಿಸಿದೆ. ಈ ವರ್ಷದ ಚಿತ್ರ — ಯೇಸು ಹುಟ್ಟುವ ರಾತ್ರಿಯ ಛತ್ರದ ಬಾಗಿಲು. ಹೊರಗೆ ಬಾಗಿಲು ತಟ್ಟುತ್ತಿರುವ ಜೋಸೆಫ್, ಪಕ್ಕದಲ್ಲಿ ಬಸುರಿ ಮರಿಯಮ್ಮ. ಕಿಟಕಿಯಲ್ಲಿ ಛತ್ರದವನು, ಜಾಗವಿಲ್ಲ ಎನ್ನುತ್ತಿದ್ದಾನೆ.

ಛತ್ರದವನ ಮುಖ ಯಾರದೆಂದು ನನ್ನ ಮನಸ್ಸಿನಲ್ಲಿ ಅಲ್ಲೇ ನಿರ್ಧಾರವಾಯಿತು.

ಡಿಸೆಂಬರ್ 2

ಬೇಕರಿಯವನದು.

ಜುಲೈಯಲ್ಲಿ ಇವರು ಎದೆ ಹಿಡಿದುಕೊಂಡು ಕುಸಿದಾಗ ನಮ್ಮ ಬೀದಿಯಲ್ಲಿ ಕಾರಿದ್ದದ್ದು ಅವನೊಬ್ಬನಿಗೆ. ಓಡಿದೆ. ಬಾಗಿಲು ಬಡಿದೆ, ಹೆಸರು ಹಿಡಿದು ಕೂಗಿದೆ. ಒಳಗೆ ಲೈಟ್ ಹತ್ತಿತು. ಆಮೇಲೆ ಆರಿತು. ಆಟೋ ಸಿಕ್ಕಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ...

ಮಣ್ಣಿಗೆ ಬಂದವರಿಗೆಲ್ಲ ಬುಟ್ಟಿಗಟ್ಟಲೆ ಬನ್ ಕಳಿಸಿದ. ಬಾಯಲ್ಲಿ ಒಂದು ಮಾತಿಲ್ಲ. ಇವತ್ತಿನವರೆಗೂ ಇಲ್ಲ.

ಹಾವಿನ ಹಗೆ ಹನ್ನೆರಡು ವರ್ಷ ಅಂತಾರೆ. ಒಳ್ಳೆ ಪ್ಲೈವುಡ್ ಅದಕ್ಕಿಂತ ಹೆಚ್ಚು ಬಾಳುತ್ತದೆ. ಹಳೇ ಹಲಗೆಗಳನ್ನೂ ಪ್ರತಿ ಡಿಸೆಂಬರಿನಲ್ಲಿ ಹೊರಗಿಡುತ್ತಾರೆ. ಸಾಯುವತನಕ ನೋಡಲಿ.

ಡಿಸೆಂಬರ್ 7, ಭಾನುವಾರ, ಸಂಜೆ

ಹಾಲ್ ತುಂಬ ಜನ. ಹಾಡುವ ಕ್ವಯರ್ ಹುಡುಗಿಯರು ಕತ್ತೆಯ ಒಂದು ಕಾಲಿಗೆ ನೀಲಿ ಬಳಿದಿಟ್ಟಿದ್ದಾರೆ. ನಂಬರ್ ತಲೆಕೆಳಗಾಗಿ ಓದಿದರಂತೆ.

ಬೇಕರಿಯವನ ಹೆಂಡತಿ ಈ ವಾರವೂ ನನ್ನ ಪಕ್ಕದಲ್ಲೇ. ಬ್ರಶ್ ತೊಳೆಯುತ್ತಾಳೆ, ಡಬ್ಬಿ ಮುಚ್ಚುತ್ತಾಳೆ. "ಅಕ್ಕ, ಊಟ ಮಾಡಿದ್ರಾ?" — ದಿನಾ ಅದೇ. ಪಾಪದವಳು. ಅಂಥವನಿಗೆ ಇಂಥವಳು.

ಅವನೂ ಬಂದ. ಗೋಡೆಗೆ ಕಂದು ಬಣ್ಣ ತುಂಬುತ್ತಾ ಕಿಟಕಿಯ ಖಾಲಿ ಜಾಗವನ್ನೇ ನೋಡುತ್ತಿದ್ದ.

ಚರ್ಚಿನ ಗಂಟೆ ಹೊಡೆಯುವ ಗಂಟೆಮಾವ ಸುಮ್ಮನಿರುವ ಆಸಾಮಿಯಲ್ಲ. "ಕಿಟಕೀಲಿ ನನ್ನನ್ನ ಮಾತ್ರ ಕೂರಿಸಬೇಡ ಕಣಮ್ಮ. ನಮ್ಮನೇಲಿ ಚಿಲಕ ಎಲ್ಲಿದೆ ಅಂತಾನೇ ನಂಗೊತ್ತಿಲ್ಲ. ಎಲ್ಲಾ ಅವಳದೇ ದರ್ಬಾರು!"

ಎಲ್ಲರೂ ನಕ್ಕರು. ಬೇಕರಿಯವನು ನಗಲಿಲ್ಲ. ಅವನಿಗೇ ಹೇಳಿದೆ, ಎಲ್ಲರಿಗೂ ಕೇಳುವಂತೆ — "ಸ್ವಲ್ಪ ಬೆಳಕಿಗೆ ತಿರುಗಿ. ಗಲ್ಲ ಮೇಲೆತ್ತಿ."

ಎತ್ತಿದ. ಕೈಯ ಬ್ರಶ್ ಅಂಗಿಗೆ ಒರಗಿದ್ದೂ ಅವನಿಗೆ ತಿಳಿಯಲಿಲ್ಲ, ಎದೆಯ ಮೇಲೆಲ್ಲ ಕಂದು. ಅವನಿಗೆ ಗೊತ್ತಾಗಿದೆ.

ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಜುಲೈಯಿಂದ ಇದೇ ಮೊದಲು.

ಡಿಸೆಂಬರ್ 16

ಇಷ್ಟು ದಿನ ಏನೂ ಬರೆಯಲಿಲ್ಲ. ಅವನ ಮುಖವನ್ನೇ ಕಾಗದದ ಮೇಲೆ ಬರೆದು ಬರೆದು ಹರಿದೆ. ಕಿಟಕಿಯಲ್ಲಿಟ್ಟರೆ ಮನಸ್ಸು ಒಪ್ಪುತ್ತಿಲ್ಲ.

ಇವತ್ತು ಹೊಳೆಯಿತು. ಒಳಗಿರುವವನಿಗೆ ಏನು ಕಷ್ಟ? ಬೆಚ್ಚಗಿರುತ್ತಾನೆ. ಹೊರಗೆ ನಿಲ್ಲಿಸಬೇಕು. ಕೈಯೆತ್ತಿ ಬಡಿಯುತ್ತಲೇ ಇರಬೇಕು, ನನ್ನ ಹಾಗೆ.

ಕಿಟಕಿಗೆ ಕದ ಬರೆದು ಮುಚ್ಚಿಬಿಟ್ಟೆ. ಛತ್ರದವನೇ ಇಲ್ಲ ಈಗ. ಬೇಕರಿಯವನೇ ಜೋಸೆಫ್. ಮರಿಯಮ್ಮನಿಗೆ ಅವನ ಹೆಂಡತಿಯ ಮುಖ — ಅದು ಪ್ರೀತಿಯಿಂದಲೇ. ಬ್ರಶ್ ತೊಳೆದ ಕೈಗಳಿಗಾಗಿ.

ಡಿಸೆಂಬರ್ 21, ಭಾನುವಾರ

ನಾಲ್ಕನೇ ಮೇಣದಬತ್ತಿ ಹಚ್ಚಿದರು. ಫಾದರ್ ಹಲಗೆಯ ಮೇಲಿನ ಬಟ್ಟೆ ಸರಿಸಿದರು. ಜೋರು ಚಪ್ಪಾಳೆ.

"ಅಬ್ಬಾ, ನಮ್ಮ ಬೇಕರಿ ಜೋಸೆಫು!" ಅಂತ ಗಂಟೆಮಾವ. "ಇನ್ಮೇಲೆ ಬನ್ನಿಗೆ ರೇಟು ಜಾಸ್ತಿ ಮಾಡ್ಬೇಡಪ್ಪ, ಸಂತ ಆಗಿದೀಯ!" ಎಲ್ಲರೂ ಅವನ ಕೈ ಕುಲುಕಿದರು, ಬೆನ್ನು ತಟ್ಟಿದರು. ಕೊಟ್ಟ ಕೈಗೆಲ್ಲ ಕೈ ಕೊಡುತ್ತಾ ನಿಂತಿದ್ದ, ಮುಖದಲ್ಲಿ ರಕ್ತವಿಲ್ಲ. ಹೆಂಡತಿ ಕಾಣಲಿಲ್ಲ. ತಲೆನೋವೆಂದು ಹೋದಳಂತೆ.

ಜನ ಕರಗಿದ ಮೇಲೆ ನನ್ನ ಹತ್ತಿರ ಬಂದ.

"ಆ ಬಾಗಿಲು ಯಾವತ್ತಾದ್ರೂ ತೆಗೀತಾರಾ ಅಮ್ಮ?"

"ಇಲ್ಲ."

"ಸರಿ," ಅಂದ. ಹೋದ.

ಬೈಯುತ್ತಾನೆ ಅಂದುಕೊಂಡಿದ್ದೆ. ಕಾಲಿಗೆ ಬೀಳಬಹುದು ಅಂತಲೂ. ಆ "ಸರಿ" ಹಲ್ಲಿಗೆ ಸಿಕ್ಕ ನಾರಿನ ಹಾಗೆ. ಆದರೂ ಸಮಾಧಾನ. ಆದರೂ.

ಡಿಸೆಂಬರ್ 23, ಮಧ್ಯಾಹ್ನ

ಬೇಕರಿಯವನ ಹೆಂಡತಿ ಬಂದಿದ್ದಳು. ಕೂರು ಅಂದರೂ ಕೂರಲಿಲ್ಲ.

"ಅಕ್ಕ, ಮರಿಯಮ್ಮನ ಮುಖ ಅಳಿಸಿಬಿಡಿ."

"ಯಾಕೆ? ಚೆನ್ನಾಗಿಲ್ವಾ?"

"ನಮ್ಮನೆಯವರು ಚಪ್ಪಲಿ ಮೆಟ್ಕೊಂಡಿದ್ರು ಅಕ್ಕ, ಅವತ್ತು ರಾತ್ರಿ. ಕಾರಿನ ಕೀ ಎಲ್ಲಿ ಅಂತ ಕೇಳಿದ್ರು. ನನ್ನ ಕೈಲಿತ್ತು. ಕೊಡ್ಲಿಲ್ಲ. ಲೈಟ್ ಆರಿಸಿದ್ದೂ ನಾನೇ."

ಕುರ್ಚಿ ಎಳೆದು ನಾನೇ ಕೂತೆ.

"ನಿಮ್ಮವರು ಕುಡಿದು ಬಿದ್ದಿರ್ತಾರೆ ಅಂದ್ಕೊಂಡೆ... ವಾಂತಿ ಗೀಂತಿ... ಆ ವಾರಾನೇ ಸೀಟಿಗೆಲ್ಲ ಹೊಸ ಕವರ್ ಹಾಕ್ಸಿದ್ವಿ."

ಸೀಟ್ ಕವರ್.

ಇವರು ಜೀವಮಾನದಲ್ಲಿ ಕುಡಿದವರಲ್ಲ. "ಅವನು ಯಾಕೆ ಬಾಯಿ ಬಿಡಲಿಲ್ಲ?" ಅಂತಷ್ಟೇ ಕೇಳಿದೆ.

"ನಿನ್ನ ಹೆಸರು ಹೊರಗೆ ಬರೋದು ಬೇಡ, ನನ್ನನ್ನೇ ಬೈಕೊಳ್ಳಲಿ ಬಿಡು ಅಂದ್ರು. ಐದು ತಿಂಗಳಿಂದ ನನ್ನ ಜೊತೇನೂ ಸರಿಯಾಗಿ ಮಾತಾಡಿಲ್ಲ." ಆಮೇಲೆ ನನ್ನ ಕೈ ಹಿಡಿದಳು. "ಎಲ್ಲಾ ಬಂದು ಮರಿಯಮ್ಮ ಮರಿಯಮ್ಮ ಅಂತಾರೆ. ನಂಗೆ ತಡಿಯೋಕಾಗಲ್ಲ. ಅಳಿಸಿ ಅಕ್ಕ. ನಿಮ್ಮ ದಮ್ಮಯ್ಯ."

ಕೈ ಬಿಡಿಸಿಕೊಂಡೆ. "ಇಲ್ಲ. ಅದು ಅಲ್ಲೇ ಇರುತ್ತೆ."

ಡಿಸೆಂಬರ್ 24, ಬೆಳಿಗ್ಗೆ

ಹಲಗೆಯನ್ನು ಪೀಠದ ಪಕ್ಕಕ್ಕೆ ತಂದು ನಿಲ್ಲಿಸಿದರು. ಅವಳ ಮುಖವನ್ನು ಚೆನ್ನಾಗಿ ಬರೆದಿದ್ದೇನೆ. ಅಷ್ಟು ಮೆತ್ತಗೆ ಇವರೂ ಬರೆಯುತ್ತಿರಲಿಲ್ಲವೇನೋ. ಮುದುಕಿಯರು ಅದರ ಕಾಲ ಬಳಿ ಹೂವಿಡುತ್ತಿದ್ದಾರೆ. ಅವಳು ಮೊದಲ ಸಾಲಿನ ಬೆಂಚು ಒರೆಸುತ್ತಿದ್ದಳು, ತಲೆ ಎತ್ತದೆ. ಎತ್ತಲಿ ಎಂದು ಕಾದು ನಿಂತೆ.

ಜೋಸೆಫನನ್ನು ಮಾತ್ರ ಹಾಗೆ ಬಿಡಲು ಆಗುವುದಿಲ್ಲ. ಅವನೊಬ್ಬನಿಗೆ ಬಾಗಿಲು ಸ್ವಲ್ಪ ತೆರೆಯಬಹುದು. ಆದರೆ ಬಾಗಿಲು ತೆರೆದರೆ ಪಕ್ಕದಲ್ಲಿ ನಿಂತವಳೂ ಒಳಗೆ ಬರುತ್ತಾಳೆ. ಬ್ರಶ್ ಹಿಡಿದು ನಿಂತಿದ್ದೆ, ಅಷ್ಟರಲ್ಲಿ ಫಾದರ್ ಬಂದು "ಇನ್ನೂ ಏನಾದ್ರೂ ಬಾಕಿ ಇದೆಯೇನಮ್ಮ?" ಅಂದರು. "ಇಲ್ಲ ಫಾದರ್," ಅಂದೆ, ಬ್ರಶ್ ಒರೆಸಿ ಡಬ್ಬಿ ಮುಚ್ಚಿದೆ.