ಗೀರು ಬೀಳದ ಬಳೆಗಳು

ಮಾರ್ಚ್ 2, ಭಾನುವಾರ. ಬೆಳಿಗ್ಗೆ 10

ಬಳೆಗಳ ತಪಾಸಣೆ ಮುಗಿಯಿತು. ಒಂಬತ್ತೂ ಕ್ಷೇಮ. ಐದನೆಯದರ ಕವರಿಗೆ ಗಾಳಿ ಸೇರಿತ್ತು, ಬದಲಾಯಿಸಿದೆ. ಹತ್ತಿಯ ಕೈಗವಸು ಇಲ್ಲದೆ ಒಂದನ್ನೂ ಮುಟ್ಟಿಲ್ಲ.

ಎಂಥ ಕೆಲಸ ಮಾಡಿಟ್ಟು ಹೋದರು ಇವನ್ನು ಕೆತ್ತಿದಾಕೆ. ಸ್ಟರ್ಲಿಂಗ್ ಬೆಳ್ಳಿ, ಹೆಬ್ಬೆರಳಗಲ, ಮೈತುಂಬ ಕೂದಲೆಳೆಯಂಥ ಗೆರೆಗಳು. ಅದೇನು ಅಂತ ಯಾರಿಗೂ ಅರ್ಥವಾಗಿಲ್ಲ. ಅರ್ಥವಾಗದಿದ್ದರೂ ಕಣ್ಣು ಕೀಳಲು ಆಗುವುದಿಲ್ಲ. ಒಳಮೈಯಲ್ಲಿ ಬೆಳ್ಳಿಯ ಶುದ್ಧತೆಯ ಗುರುತು 925, ಪಕ್ಕದಲ್ಲಿ ಮೂರು ಚುಕ್ಕಿ. ಹೆಸರು ಹಾಕುತ್ತಿರಲಿಲ್ಲ, ಹಾಗಾಗಿ ಈ ಬಳೆ ಸಂಗ್ರಹಿಸುವ ನಾವೆಲ್ಲ ಆಕೆಯನ್ನು ಮೂರುಚುಕ್ಕಿ ಅಂತಲೇ ಕರೆಯುವುದು. ಜೀವಮಾನದಲ್ಲಿ ಮಾಡಿದ್ದು ನಲವತ್ತು ಬಳೆಯೂ ಇಲ್ಲ. ತೀರಿಕೊಂಡು ಆರು ವರ್ಷ. ಒಬ್ಬನ ಹತ್ತಿರವೇ ಒಂಬತ್ತು, ಅದೂ ಒಂದೇ ಒಂದು ಗೀರಿಲ್ಲದೆ... ನನ್ನಲ್ಲಿ ಮಾತ್ರ. ಜಂಬ ಅಂದರೆ ಜಂಬವೇ.

ಹೆಂಡತಿ ಬಾಗಿಲಲ್ಲಿ ನಿಂತು, “ನಿಮ್ಮ ಹೆಣ್ಣುಮಕ್ಕಳೆಲ್ಲ ಆರೋಗ್ಯವಾಗಿದ್ದಾರಾ?” ಅಂದಳು. ಹೂಂ ಅಂದೆ. ಹೋಗಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಳು. ಇಡೀ ಬೀದಿಯ ಪ್ಯಾಂಟುಗಳಿಗೆ ಅಂಚು ಮಡಚುವವಳು ಇವಳೇ.

ಮಾರ್ಚ್ 6, ಗುರುವಾರ. ನನ್ನ ಕನ್ನಡಕದ ಅಂಗಡಿ, ಮಧ್ಯಾಹ್ನ

ಗಿರಾಕಿಗಳನ್ನು ಕಾಯಿಸಿ ಬರೆಯಲು ಕೂತಿದ್ದೇನೆ. ಬರೆದರೆ ತಲೆ ಸರಿಹೋದೀತು.

ಬೆಳಿಗ್ಗೆ ಒಬ್ಬ ಅಜ್ಜಿ ಬಂದರು. ಓದುವ ಕನ್ನಡಕ ಬೇಕಿತ್ತು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಮಾಡಿ ರಿಟೈರ್ ಆದವರು. ಫ್ರೇಮ್ ಆರಿಸಲು ಕೈ ಚಾಚಿದರು. ಬಲಗೈಯಲ್ಲಿ ಬಳೆ. ಹೆಬ್ಬೆರಳಗಲ.

ಅದರ ಮೇಲೆ ಒಂದು ಬೆಕ್ಕು.

ಗೆರೆಗಳ ಗೋಜಲೇ ಇಲ್ಲ. ಮಣಿಕಟ್ಟಿನ ಸುತ್ತ ಮೈಚಾಚಿ, ಬಾಲವನ್ನೇ ತಲೆದಿಂಬು ಮಾಡಿಕೊಂಡು ನಿದ್ದೆ ಹೊಡೆಯುವ ಬೆಕ್ಕು. ಮೀಸೆ ಸಮೇತ. ಮೂರುಚುಕ್ಕಿ ಯಾವತ್ತಾದರೂ ಬೆಕ್ಕು ಕೆತ್ತಿದ್ದು ನಾನು ಕೇಳೇ ಇಲ್ಲ. ನಕಲಿ ಇರಬೇಕು ಅಂದುಕೊಂಡೆ. ಒಳಮೈ ನೋಡಬಹುದಾ ಅಂತ ಕೇಳಿದೆ. 925. ಮೂರು ಚುಕ್ಕಿ. ಅಸಲಿ.

“ಇದರಲ್ಲಿ ಬೆಕ್ಕು ಹೇಗೆ ಬಂತು ಅಮ್ಮಾ?”

“ತಗೊಂಡಾಗ ಇರ್ಲಿಲ್ಲಪ್ಪ. ಬರೀ ಗೆರೆ. ಏಳೆಂಟು ವರ್ಷಕ್ಕೆ ಒಂದು ಕಿವಿ ಬಂತು. ಆಮೇಲೆ ಬೆನ್ನು. ಪೂರ್ತಿ ಬೆಕ್ಕಾಗೋಕೆ ಇಪ್ಪತ್ತು ವರ್ಷ. ಇದು ನಾನು ಕೈಯಲ್ಲೇ ಸಾಕಿದ ಬೆಕ್ಕು.”

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮಾಡುತ್ತಿರಲಿಲ್ಲ.

ಮಾರ್ಚ್ 8, ಶನಿವಾರ. ಸಂಜೆ

ಅಜ್ಜಿ ಕನ್ನಡಕಕ್ಕೆ ಬಂದರು. ನನ್ನ ನಾಲ್ಕನೆಯದನ್ನು ಅಂಗಡಿಗೆ ಒಯ್ದಿದ್ದೆ — ಹದಿನಾರು ವರ್ಷದಲ್ಲಿ ಮೊದಲ ಸಲ ಅದು ಹೊರಗಿನ ಬೆಳಕು ಕಂಡದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಅರ್ಧ ಗಂಟೆ. ಅಜ್ಜಿ ಹೊಸ ಕನ್ನಡಕದಲ್ಲಿ ಪೇಪರ್ ಓದುತ್ತ ಕೂತಿದ್ದರು, ಪಾಪ.

ಈಗ ಗೊತ್ತಾಯಿತು. ಎಲ್ಲ ಗೆರೆಗಳ ಅಗಲ ಒಂದೇ. ಆಳ ಬೇರೆ. ನೂರರಲ್ಲಿ ತೊಂಬತ್ತು ಮೇಲುಮೇಲೆ ಕೆತ್ತಿದ್ದು, ಹತ್ತು ಮಾತ್ರ ಆಳ. ಹೊಸದರಲ್ಲಿ ಕಣ್ಣಿಗೆ ಭೇದ ತಿಳಿಯದು. ದಿನಾ ಹಾಕಿಕೊಂಡು, ಬಟ್ಟೆಗೆ, ಕಾಗದಕ್ಕೆ, ಮೇಜಿಗೆ ಉಜ್ಜಿ ಉಜ್ಜಿ ಮೇಲಿನವು ಸವೆಯುತ್ತವೆ. ಆಳದವು ಉಳಿಯುತ್ತವೆ. ಉಳಿದದ್ದೇ ಚಿತ್ರ.

ಇಪ್ಪತ್ತು ವರ್ಷದ ಮುಂದಿನ ಬೆಕ್ಕನ್ನು ಆಕೆ ಅವತ್ತೇ ಕೆತ್ತಿ, ಮೇಲೆ ಗೆರೆ ಎಳೆದು ಮುಚ್ಚಿಟ್ಟರು. ಯಾರಿಗೂ ಹೇಳಲಿಲ್ಲ. ಎಂಥ ತಾಳ್ಮೆ, ಎಂಥ ತುಂಟತನ. ಆಕೆ ಇದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಮತ್ತು ನಾನು? ಒಂಬತ್ತನ್ನೂ ಕವರಿನಲ್ಲಿ ಹಾಕಿ ಉಸಿರು ಕಟ್ಟಿಸಿದವನು. ಹೊಚ್ಚಹೊಸದರ ಹಾಗೆ, ಮಿಂಟ್ ಕಂಡೀಷನ್ ಅಂತೆ. ಲೆನ್ಸ್ ಉಜ್ಜುವುದೇ ನನ್ನ ಕಸುಬು, ಸವೆತ ಅಂದರೇನು ಅಂತ ನನಗೇ ಹೊಳೆಯಲಿಲ್ಲ.

ಮಾರ್ಚ್ 11, ಮಂಗಳವಾರ

ಮಾಡಬಾರದ್ದು ಮಾಡಿದೆ.

ಇಪ್ಪತ್ತು ವರ್ಷ ಕಾಯುವವರು ಯಾರು ಅನ್ನಿಸಿತು. ಅಂಗಡಿಯಲ್ಲಿ ಪಾಲಿಶ್ ಚಕ್ರ ಇದೆಯಲ್ಲ. ಒಂಬತ್ತನೆಯದನ್ನು ಹಿಡಿದೆ. ನಾಲ್ಕೇ ಸೆಕೆಂಡು. ಉಗುರಿನಷ್ಟು ಜಾಗ ನುಣ್ಣಗೆ ಬೋಳು. ಆಳದ ಗೆರೆಯೂ ಹೋಯಿತು. ಚಕ್ರಕ್ಕೆ ಆಳ ಮೇಲು ಗೊತ್ತಾಗುವುದಿಲ್ಲ, ಎಲ್ಲವನ್ನೂ ಕೆರೆದು ಹಾಕುತ್ತದೆ. ಮೂರುಚುಕ್ಕಿ ಲೆಕ್ಕ ಇಟ್ಟದ್ದು ಮನುಷ್ಯರ ಕೈಯ ನಿಧಾನದ ಸವೆತಕ್ಕೆ.

ಅಂಗಡಿಯ ಬಾಗಿಲೆಳೆದುಕೊಂಡೆ. ಅತ್ತುಬಿಟ್ಟೆ ಅಂತಲೂ ಬರೆಯಬೇಕು, ಇಲ್ಲಿ ಸುಳ್ಳು ಯಾಕೆ.

ಮಾರ್ಚ್ 12, ಬುಧವಾರ

ಊಟವಾದ ಮೇಲೆ ಹೆಂಡತಿಗೆ ಎಲ್ಲ ಹೇಳಿದೆ. ಬೆಕ್ಕು, ಆಳ, ಮೂರುಚುಕ್ಕಿಯ ಜಾಣತನ. ಕಣ್ಣರಳಿಸಿ ಕೇಳಿದಳು. “ಅಬ್ಬಾ, ಹೆಂಗಸು ಅಂದ್ರೆ ಹೆಂಗಸು” ಅಂದಳು. ಖುಷಿಯಲ್ಲಿ ನಾಲಿಗೆ ಜಾರಿತು.

“ನೀನು ಒಂದು ಹಾಕ್ಕೋ. ದಿನವಿಡೀ ಬಟ್ಟೆ ಮೇಲೆ ಕೈ ಆಡುತ್ತೆ. ನಿನ್ನ ಕೈಯಲ್ಲಾದ್ರೆ ಬೇಗ ಸವೆಯುತ್ತೆ.”

ತಟ್ಟೆ ಎತ್ತುತ್ತಿದ್ದವಳು ನಿಂತಳು.

“ನನ್ನ ಕೈ ನಿಮಗೆ ಉಪ್ಪುಕಾಗದನಾ?”

ತಟ್ಟೆ ತೊಳೆದಿಟ್ಟು ಹೋಗಿ ಮಲಗಿದಳು. ಸಿಟ್ಟು ಮಾಡಲಿಲ್ಲ. ಭಯವಾಗಿದ್ದು ಅದಕ್ಕೇ.

ಹದಿನೆಂಟು ವರ್ಷದ ಹಿಂದೆ ಮೂರನೆಯದು ಮನೆಗೆ ಬಂದ ದಿನ ಅವಳು ಅದನ್ನು ಕೈಗೇರಿಸಿ ಕನ್ನಡಿ ಮುಂದೆ ನಿಂತಿದ್ದಳು. ಸಲೀಸಾಗಿ ಏರಿತ್ತು. ನಾನು ಓಡಿಹೋಗಿ, ಗೀರು ಬೀಳುತ್ತೆ ಅಂತ ತೆಗೆಸಿದೆ. ಒರೆಸಿ ಒಳಗಿಟ್ಟೆ. ಅವಳ ಮುಖ ನೋಡಲಿಲ್ಲ, ಬಳೆ ನೋಡಿದೆ. ಆಮೇಲೆ ಒಂದು ದಿನವೂ ಕೇಳಿದವಳಲ್ಲ.

ಅವತ್ತು ಬಿಟ್ಟಿದ್ದರೆ ಇಷ್ಟರಲ್ಲಿ ಚಿತ್ರ ಬಂದಿರುತ್ತಿತ್ತು. ನೋಡು, ಈಗಲೂ ನನಗೆ ಮೊದಲು ಹೊಳೆಯುವುದು ಚಿತ್ರವೇ.

ಏಪ್ರಿಲ್ 5, ಶನಿವಾರ

ಮೂರು ವಾರ ಏನೂ ಬರೆದಿಲ್ಲ. ಬಳೆಗಳನ್ನೂ ತೆಗೆದು ನೋಡಿಲ್ಲ. ಮನೆಯಲ್ಲಿ ಮಾತುಕತೆ ಇದೆ — ಹಾಲು ಬಂತಾ, ಬಾಗಿಲು ಹಾಕಿ, ಅಷ್ಟೇ.

ಇವತ್ತು ಧೈರ್ಯ ಮಾಡಿ ಮೆಷಿನ್ನಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ.

“ಚಿತ್ರ ಬರದೇ ಇದ್ರೂ ಪರವಾಗಿಲ್ಲ. ಅವತ್ತು ನಿನ್ನ ಕೈಯಿಂದ ತೆಗೆಸಿದ್ದು ತಪ್ಪಾಯ್ತು. ಅದು ಹಾಕಿಕೊಳ್ಳೋಕೆ ಮಾಡಿದ್ದು. ನಿನಗೆ ಚೆನ್ನಾಗಿ ಒಪ್ಪಿತ್ತು. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ.”

ಅವಳು ಪ್ಯಾಂಟಿನ ಒಂದು ಕಾಲಿನ ಅಂಚು ಪೂರ್ತಿ ಹೊಲಿದಳು. ದಾರ ಕಚ್ಚಿ ಕತ್ತರಿಸಿದಳು.

“ಇನ್ನು ಇಪ್ಪತ್ತು ವರ್ಷಕ್ಕೆ ನಿಮಗೆಷ್ಟು ವಯಸ್ಸು?”

“ಎಪ್ಪತ್ತೆಂಟು.”

“ಕಣ್ಣು ಕಾಣ್ಸುತ್ತಾ ಆಗ?”

“ಕನ್ನಡಕದ ಅಂಗಡಿಯವನು ನಾನು.”

ನಗಲಿಲ್ಲ. ನಗು ತಡೆದಳು, ಅದು ಗೊತ್ತಾಯಿತು. “ಅವತ್ತಿಂದು ಎಲ್ಲಿದೆ? ಅದಾದ್ರೆ ತನ್ನಿ. ಬೇರೆ ಯಾವುದೂ ಬೇಡ ನನಗೆ.”

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 11

ಮೂರನೆಯದನ್ನು ತೆಗೆದೆ. ಬರಿಗೈಯಲ್ಲಿ. ಎಷ್ಟು ತಣ್ಣಗಿದೆ ಬೆಳ್ಳಿ, ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಅವಳು ಕೈ ಚಾಚಿದಳು. ಬೆರಳು ದಾಟಿತು. ಗೆಣ್ಣಿನ ಹತ್ತಿರ ನಿಂತಿತು.

ಹೋಗುತ್ತಿಲ್ಲ. ಹದಿನೆಂಟು ವರ್ಷ ಕತ್ತರಿ ಹಿಡಿದ ಕೈ. ಗೆಣ್ಣು ದಪ್ಪಗಾಗಿದೆ. ಬಳೆ ಹಾಗೇ ಇದೆ, ನಾನು ಹಾಗೇ ಇಟ್ಟಿದ್ದೆನಲ್ಲ. ಇಬ್ಬರೂ ಬಳೆಯನ್ನೇ ನೋಡಿದೆವು.

“ಬಿಡು, ನೋವಾಗುತ್ತೆ” ಅಂದೆ.

“ನೀವು ಸುಮ್ನಿರಿ.”

ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟ ಸದ್ದು. ಹಿಂದೆಯೇ ಹೋದೆ. ಕೈಗೆ ನೊರೆ ಬರುವ ಹಾಗೆ ಸೋಪು ಹಚ್ಚಿದ್ದಳು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, “ಒತ್ತಿ” ಅಂದಳು. ಒತ್ತಿದೆ. ಅರ್ಧಕ್ಕೆ ಬಂದಾಗ ಹಲ್ಲು ಕಚ್ಚಿದಳು. ನಿಲ್ಲಿಸಿದೆ. “ಒತ್ತಿ ಅಂದೆ!” ಇನ್ನೊಮ್ಮೆ ಒತ್ತಿದೆ. ಚರ್ಮ ಕೆಂಪಾಯಿತು, ಒಂದು ಕಡೆ ತರಚಿತು, ಬಳೆ ಸಿಂಕಿನ ಅಂಚಿಗೆ ಠಣ್ ಅಂತ ಬಡಿಯಿತು, ಗೆಣ್ಣು ದಾಟಿ ಮಣಿಕಟ್ಟಿಗೆ ಏರಿತು.

ಬಳೆಗೆ ಮೊದಲ ಗೀರು. ಉದ್ದಕ್ಕೆ, ಎದ್ದು ಕಾಣುವ ಹಾಗೆ. ಒರೆಸಬೇಕು ಅನ್ನಿಸಲಿಲ್ಲ.

ಅವಳು ಕೈ ತೊಳೆದು, ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿದಳು. ಒಮ್ಮೆ ಎಳೆದು ನೋಡಿದಳು. ಅಲ್ಲಾಡಲಿಲ್ಲ.

“ಇದು ಇನ್ನು ಬರಲ್ಲ ರೀ.”

ಬರುವುದು ಬೇಡ ಅಂದೆ. ಅವಳ ಮುಖ ನೋಡಿಯೇ ಅಂದೆ.

ಈಗ ಕೂಗುತ್ತಿದ್ದಾಳೆ. ಗೆಣ್ಣು ಊದಿಕೊಂಡು ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವಂತೆ, ಅಲ್ಲಿ ಕೂತು ಏನು ಗೀಚುತ್ತಿದ್ದೀರಿ ಅಂತ. ಬಂದೆ ಬಂ