ಪರಿಶೀಲಿಸಿದವರು: ಹಂಸಾ

ಹೈರಿಡ್ಜ್, ನೈರೋಬಿ
೨೨ ಫೆಬ್ರವರಿ ೨೦೨೬, ಭಾನುವಾರ

ಆತ್ಮೀಯ ಕೃಷ್ಣಪ್ರಸಾದನಿಗೆ ದ್ವಾರಕಾನಾಥನ ನಮಸ್ಕಾರಗಳು.

ನಿನ್ನ ಪತ್ರ ಅಕ್ಟೋಬರಿನಲ್ಲೇ ಕೈಸೇರಿತ್ತು. ನಾಲ್ಕು ತಿಂಗಳು ಉತ್ತರಿಸದೆ ಇದ್ದುದಕ್ಕೆ ಕ್ಷಮೆ ಕೇಳಿದರೆ ಸಾಲದು, ಕಾರಣವನ್ನೂ ಹೇಳಬೇಕು, ಹೇಳುತ್ತೇನೆ. ಕಣ್ಣಿನ ಎರಡು ಶಸ್ತ್ರಚಿಕಿತ್ಸೆಗಳ ಅನಂತರವೂ ನಿನ್ನ ಅಕ್ಷರ ಮೊದಲಿನಷ್ಟೇ ದುಂಡಗಿರುವುದನ್ನು ಕಂಡು ಸಂತೋಷವಾಯಿತು. ಮೊಮ್ಮಗ ಪ್ರಥಮ್ ನಮ್ಮ ಜಾಲಪುಟವನ್ನು ತೆರೆದು ಓದಿ ಹೇಳಿದನೆಂದೂ, ಪ್ರತಿಯೊಂದು ಕೊಂಡಿಯ ಕೆಳಗೆ ‘ಪರಿಶೀಲಿಸಿದವರು: ಹಂಸಾ’ ಎಂಬುದರ ಮುಂದೆ ಹೊಸ ದಿನಾಂಕವಿದೆಯೆಂದು ಕೇಳಿ ನೀನು ಒಬ್ಬನೇ ನಕ್ಕೆಯೆಂದೂ ಬರೆದಿದ್ದೆ. "ಹಂಸಾ ಹೇಗಿದ್ದಾರೆ? ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಳ್ಳುವುದನ್ನು ಬಿಟ್ಟರೇ? ಅವರು ಕಟ್ಟಿದ ಆ ಪುಟ್ಟ ರೋಬಾಟು ಗಾಡಿ ಇನ್ನೂ ನಡೆಯುತ್ತದೆಯೇ?" ಎಂದು ಕೇಳಿದ್ದೆ.

ಈ ಪ್ರಶ್ನೆಗಳಿಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ನಡೆದ ಸಂಗತಿ.

ನೀನು ಊರಿಗೆ ಮರಳುವ ಮುನ್ನ ಕಟ್ಟಿಕೊಟ್ಟ ಆ ಪುಟದಲ್ಲಿ ಈಗ ಇನ್ನೂರ ಹದಿನಾಲ್ಕು ಕೊಂಡಿಗಳಿವೆ. ಕ್ರಮವಿಧಿ ಬರೆಯುವವರಿಗೆ, ರೋಬಾಟು ಕಟ್ಟುವ ಹವ್ಯಾಸಿಗಳಿಗೆ, ಶಿಕ್ಷಕರಿಗೆ ಎಂದು ನೀನು ಮಾಡಿದ ಮೂರು ವಿಭಾಗಗಳು ಹಾಗೆಯೇ ಇವೆ. ನಮ್ಮ ಪದ್ಧತಿ ನಿನಗೆ ನೆನಪಿರಬೇಕು. ಅಂತರ್ಜಾಲದಲ್ಲಿ ಪಾಠವನ್ನು ಹುಡುಕುವವಳು ಹಂಸಾ. ಕನ್ನಡದಲ್ಲಿ ಎರಡು ಸಾಲು, ಇಂಗ್ಲಿಷಿನಲ್ಲಿ ಎರಡು ಸಾಲು ವಿವರಣೆ ಬರೆಯುವವನು ನಾನು. ಲುಥುಲಿ ರಸ್ತೆಯ ಅಂಗಡಿಗಳಲ್ಲಿ ಸಿಗುವ ಬಿಡಿಭಾಗಗಳಿಂದಲೇ ಅದು ಸಾಧ್ಯವೇ ಎಂದು ಊಟದ ಮೇಜಿನ ಮೇಲೆ ಕಟ್ಟಿ ನೋಡದೆ ಅವಳು ಒಂದನ್ನೂ ಪಟ್ಟಿಗೆ ಸೇರಿಸುತ್ತಿರಲಿಲ್ಲ. ತಿಂಗಳ ಮೊದಲ ಭಾನುವಾರ ಎಲ್ಲವನ್ನೂ ಮತ್ತೊಮ್ಮೆ ತೆರೆದು ನೋಡಿ, ದಿನಾಂಕವನ್ನು ಬದಲಿಸುವಳು.

ಜನವರಿಯಲ್ಲಿ ಆಲ್ಫ್ರೆಡ್ ಎಂಬ ಭೌತಶಾಸ್ತ್ರದ ಶಿಕ್ಷಕರು ವಿಳಾಸ ವಿಚಾರಿಸಿಕೊಂಡು ನನ್ನ ಬಾಗಿಲಿಗೇ ಬಂದರು. ಊರಿನ ಪೂರ್ವದ ಕಡೆಯ ಶಾಲೆಯೊಂದರಲ್ಲಿ ಮಕ್ಕಳ ರೋಬಾಟು ಕೂಟವನ್ನು ನಡೆಸುವವರು. ಪಾಪ, ಒಳಗೆ ಕೂರಲೂ ಇಲ್ಲ. ಇಲ್ಲಿ ಮೇಷ್ಟ್ರನ್ನು ಕರೆಯುವಂತೆ ನನ್ನನ್ನು ಮ್ವಾಲಿಮು ಎಂದೇ ಕರೆದರು.

"ಮ್ವಾಲಿಮು, ನಿಮ್ಮ ಪುಟದ ನಲವತ್ತೊಂದನೆಯ ಕೊಂಡಿಯನ್ನು ಮೂವತ್ತು ಮಕ್ಕಳ ಎದುರು ಗೋಡೆಯ ಮೇಲೆ ತೋರಿಸಿದೆ. ಮೋಟಾರಿನ ಪಾಠ ಬರಬೇಕಾದಲ್ಲಿ ಜೂಜಿನ ಪುಟ ಬಂತು. ಹುಡುಗಿಯರ ಚಿತ್ರ ಬೇರೆ. ಮಕ್ಕಳಿಗೆ ಹಬ್ಬ, ನನಗೆ ಮಾನಭಂಗ," ಎಂದರು. ಪಾಠ ಬರೆದಾತ ತನ್ನ ಜಾಲತಾಣದ ವಿಳಾಸವನ್ನು ಬಿಟ್ಟುಕೊಟ್ಟಿದ್ದಾನೆ. ಜೂಜಿನವರು ಅದನ್ನು ಕೊಂಡಿದ್ದಾರೆ. ಮುಖ್ಯೋಪಾಧ್ಯಾಯಿನಿ ಕೂಟದ ಬೀರುವಿಗೆ ಬೀಗ ಹಾಕಿಸಿದ್ದರು. ಪರಿಶೀಲಿಸಿದ ಹಂಸಾ ಎಂಬುವರು ಸ್ವತಃ ಬಂದು ಉತ್ತರ ಹೇಳುವವರೆಗೆ ಅದು ತೆರೆಯದಂತೆ.

ಅಂದು ಸಂಜೆ ಕೆಳಮನೆಯ ಭಾರ್ಗವನಿಗೆ ಇದನ್ನು ಹೇಳಿದೆ. ಬೆಂಗಳೂರಿನವನು, ಔಷಧ ಕಾರ್ಖಾನೆಯಲ್ಲಿ ಗಣಕಗಳನ್ನು ನೋಡಿಕೊಳ್ಳುತ್ತಾನೆ. "ಅಯ್ಯೋ ಅಂಕಲ್, ಇದಕ್ಕೆಲ್ಲ ಟೆನ್ಷನ್ ತಗೋತಾರಾ? ಒಂದು ಸ್ಕ್ರಿಪ್ಟ್ ಬರ್ದು ಕೊಡ್ತೀನಿ, ಇನ್ನೂರೂ ಲಿಂಕ್ ಎರಡು ನಿಮಿಷದಲ್ಲಿ ಚೆಕ್ ಮಾಡಿ ಬಿಸಾಕತ್ತೆ. ನೀವು ಆರಾಮಾಗಿ ಚಾಯ್ ಕುಡೀರಿ," ಎಂದ. ಅವನ ಆ ಭಾಷೆಯನ್ನು ನಾನು ತಿದ್ದಲಿಲ್ಲ, ಕೃಷ್ಣಪ್ರಸಾದ. ತಿದ್ದಿದರೆ ಎದ್ದು ಹೋಗುತ್ತಾನೆ. ಅವನ ಯಂತ್ರವನ್ನು ಮಾತ್ರ ಬೇಡವೆಂದೆ. ಯಂತ್ರವು ಬಾಗಿಲು ತೆರೆಯಿತೇ ಇಲ್ಲವೇ ಎಂದಷ್ಟೇ ಹೇಳುತ್ತದೆ, ಒಳಗೆ ಯಾರಿದ್ದಾರೆಂದು ನಾವೇ ಹೋಗಿ ನೋಡಬೇಕು ಎಂದು ಹಂಸಾ ಹೇಳುತ್ತಿದ್ದಳು. ನಲವತ್ತೊಂದನೆಯ ಬಾಗಿಲು ಚೆನ್ನಾಗಿಯೇ ತೆರೆಯುತ್ತಿತ್ತಲ್ಲ.

ಮರುದಿನ ಎರಡು ಮಟಾಟು ವ್ಯಾನು ಬದಲಿಸಿ ಶಾಲೆಗೆ ಹೋದೆ.

"ಹಂಸಾ ಅಮ್ಮ ಎಲ್ಲಿ?" ಎಂದು ಮುಖ್ಯೋಪಾಧ್ಯಾಯಿನಿ ನನ್ನ ಬೆನ್ನ ಹಿಂದೆ ನೋಡಿದರು. "ಹದಿನೈದು ದಿನದ ಹಿಂದಷ್ಟೇ ನೋಡಿದೆನೆಂದು ಬರೆದಿದ್ದಾರೆ. ಇಷ್ಟು ದೊಡ್ಡ ಜೂಜಿನ ಚಕ್ರ ಅವರ ಕಣ್ಣಿಗೆ ಬೀಳಲಿಲ್ಲವೇ? ಅಥವಾ ನೋಡದೆಯೇ ಸುಳ್ಳು ಬರೆಯುವವರೋ?"

ನಲವತ್ತು ವರ್ಷ ಗಣಿತ ಕಲಿಸಿದವನು ನಾನು. ಬೇರೆಯವರ ಒಂದು ಅಲ್ಪವಿರಾಮ ಜಾರಿದರೂ ಸುಮ್ಮನಿದ್ದವನಲ್ಲ. ನನ್ನ ಹೆಂಡತಿಯನ್ನು ಸುಳ್ಳುಗಾತಿಯೆಂದಾಗ ನಿಂತೇ ಹೇಳಿದೆ: "ಅವಳು ನೋಡಿಲ್ಲ, ಅಮ್ಮಾ. ದಿನಾಂಕ ಬರೆದವನು ನಾನು. ಒಂದನ್ನೂ ತೆರೆಯದೆ, ತಿಂಗಳು ತಿಂಗಳೂ ಬರೆದೆ."

"ಯಾಕೆ?" ಎಂದರು.

ಯಾಕೆಂದು ಹೇಳಿದೆ. ಆಕೆ ಮೇಜಿನ ಮೇಲಿನ ಬೀಗದ ಕೈಯನ್ನು ಎತ್ತಿಕೊಂಡರು. ಆಮೇಲೆ "ಪೋಲೆ ಸಾನಾ, ಮ್ವಾಲಿಮು," ಎಂದು ಅದನ್ನು ಆಲ್ಫ್ರೆಡ್‌ರ ಕೈಗೆ ಕೊಟ್ಟರು. ಇಲ್ಲಿನವರು ಸಂತಾಪಕ್ಕೂ ಸಮಾಧಾನಕ್ಕೂ ಆಡುವ ಮಾತು ಅದು. ಎಲ್ಲವನ್ನೂ ಕೈಯಾರೆ ಪರಿಶೀಲಿಸಿ ಕೊಡಬೇಕೆಂಬುದೊಂದೇ ಷರತ್ತು.

ನಾಲ್ಕು ಶನಿವಾರ ಹಿಡಿಯಿತು. ಮಕ್ಕಳು ಇಬ್ಬಿಬ್ಬರಾಗಿ ಕುಳಿತು ತೆರೆದರು; ನಾನು ಗುರುತು ಹಾಕಿಕೊಂಡೆ. ಅರವತ್ತೊಂದು ಕೊಂಡಿಗಳು ಸತ್ತಿದ್ದವು. ಪ್ರತಿಯೊಂದು ಸತ್ತ ಕೊಂಡಿಗೂ ಮಕ್ಕಳು ಒಟ್ಟಾಗಿ "ಪೋಲೆ!" ಎಂದು ಕೂಗುವರು. ಮೊದಲ ದಿನ ನನಗೆ ಅದು ಹಿಡಿಸಲಿಲ್ಲ. ಮೂರನೆಯ ಶನಿವಾರದ ಹೊತ್ತಿಗೆ ನಾನೂ ಕೂಗುತ್ತಿದ್ದೆ. ನಿನ್ನೆ ಕೆಲಸ ಮುಗಿಯಿತು. "ಪರಿಶೀಲಿಸಿದವರು ಎಂದು ಯಾರ ಹೆಸರು ಹಾಕಲಿ?" ಎಂದು ಆಲ್ಫ್ರೆಡ್ ಕೇಳಿದರು. ನೋಡಿದ ಮಕ್ಕಳ ಹೆಸರನ್ನೇ ಹಾಕಲು ಹೇಳಿದೆ. ಮನೆಗೆ ಬಂದಾಗ ಎಂದಿನಂತೆ ಮೇಜು ಖಾಲಿ. ಇನ್ನು ಮೊದಲ ಭಾನುವಾರಗಳಲ್ಲಿ ನನಗೆ ಕೆಲಸವಿರುವುದಿಲ್ಲ.

ಪ್ರಥಮನಿಗೆ ನನ್ನ ಆಶೀರ್ವಾದಗಳು. ಅವನು ಓದಿದ್ದರಿಂದಲ್ಲವೇ ನಿನ್ನ ಪತ್ರ ಬಂದದ್ದು. ಕಣ್ಣಿನ ಔಷಧಿಯನ್ನು ತಪ್ಪಿಸಬೇಡ. ನಿನಗೆ ದೀರ್ಘಾಯುಷ್ಯವಿರಲಿ.

ಇಂದಿಗೂ ನಿನ್ನವನೇ ಆದ,
ದ್ವಾರಕಾನಾಥ್

ಮರೆತ ಮಾತು: ಮರೆತದ್ದಲ್ಲ, ಮುಂದೂಡಿದ್ದು. ಹಂಸಾ ೨೦೨೩ರ ಆಗಸ್ಟ್ ಹತ್ತೊಂಬತ್ತರಂದು ತೀರಿಕೊಂಡಳು. ನೀನು ಆಗ ಆಸ್ಪತ್ರೆಯಲ್ಲಿದ್ದೆ. ಆಮೇಲೆ ತಿಳಿಸೋಣವೆಂದುಕೊಂಡೆ, ಆ ಆಮೇಲೆ ಬರಲೇ ಇಲ್ಲ. ಮುಂದಿನ ತಿಂಗಳ ಮೊದಲ ಭಾನುವಾರ ಏನು ಮಾಡಬೇಕೆಂದು ತೋಚದೆ ಗಣಕದ ಮುಂದೆ ಕುಳಿತು ಅವಳ ಹೆಸರಿನ ಮುಂದೆ ಆ ದಿನದ ದಿನಾಂಕವನ್ನು ಬರೆದೆ. ಎದ್ದಾಗ ಅವಳು ಪಕ್ಕದ ಕೋಣೆಯಲ್ಲಿರುವಳೆಂಬಂತೆ ಅನ್ನಿಸಿತು. ಅದಕ್ಕಾಗಿ ಪ್ರತಿ ತಿಂಗಳೂ ಬರೆದೆ. ಪುಟ್ಟ ಗಾಡಿಯ ಪಾಠವೊಂದನ್ನು ಮಾತ್ರ ಮಕ್ಕಳಿಗೆ ಕೊಡಲಿಲ್ಲ; ಅಲ್ಲಿ ಅವಳ ಹೆಸರೇ ಇದೆ, ಅವಳು ನಿಜವಾಗಿ ನೋಡಿದ ಕೊನೆಯ ದಿನಾಂಕದೊಂದಿಗೆ: ೬ ಆಗಸ್ಟ್ ೨೦೨೩. ಗಾಡಿ ನಡೆಯುತ್ತದೆ.

ಈ ಎರಡೂವರೆ ವರ್ಷಗಳಲ್ಲಿ ಅವಳ ಕ್ಷೇಮವನ್ನು ಕೇಳಿ ಬಂದ ಪತ್ರ ನಿನ್ನದೊಂದೇ. ಇದನ್ನು ಅಂಚೆಗೆ ಹಾಕಿದ ಮೇಲೆ ಅಂಥ ಪತ್ರ ಇನ್ನು ಬರುವುದಿಲ್ಲ. ತಡವಾದದ್ದು ಅದಕ್ಕೇ.