ಶೌಚಾಲಯದ ಬೀಗ

ಜೂನ್ ೧೨, ಗುರುವಾರ

ಗೆದ್ದೆವು! ಈ ಹೊಲಿಗೆ ಕಾರ್ಖಾನೆಯ ನರ್ಸ್ ಆಗಿ ಉರಿಮೂತ್ರಕ್ಕೆ ಮಾತ್ರೆ ಕೊಟ್ಟೂ ಕೊಟ್ಟೂ ಸಾಕಾಗಿತ್ತು. ಶೌಚಾಲಯದ ಕೀಲಿ ಸೂಪರ್‌ವೈಸರ್ ಜೇಬಿನಲ್ಲಿ. ಅವನನ್ನು ಕೇಳಬೇಕಲ್ಲ ಎಂದು ಹೆಂಗಸರು ನೀರೇ ಕುಡಿಯುತ್ತಿರಲಿಲ್ಲ. ಮ್ಯಾನೇಜರಿಗೆ ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಇವತ್ತು ಔಷಧಿ ಬದಲಿಸಿದೆ: ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಒಂದೊಂದು ಬಾಟಲಿ ನೀರು. ಸ್ವಲ್ಪ ಹೊತ್ತಿಗೆ ಯಂತ್ರಗಳೆಲ್ಲ ನಿಂತು, ಸೂಪರ್‌ವೈಸರ್ ಮುಂದೆ ಉದ್ದ ಸಾಲು.

"ಒಬ್ಬೊಬ್ರೇ ಬನ್ರಮ್ಮಾ!" ಎಂದು ಕಿರುಚಿದ.

"ನರ್ಸಮ್ಮ ಕುಡೀರಿ ಅಂದ್ರು, ಕುಡಿದ್ವಿ. ಇದು ಸಾಲು ಕಾಯುತ್ತಾ ಅಣ್ಣಾ?" ಎಂದಳು ಮುಂದಿದ್ದ ಹಿರಿಯಕ್ಕ.

ಮ್ಯಾನೇಜರ್ ಓಡಿಬಂದ. "ಕೆಲಸ ನಿಂತೋಯ್ತಲ್ಲಯ್ಯ! ಆ ಬೀಗಾನೇ ಕಿತ್ತು ಬಿಸಾಕು!"

ಬೀಗ ಈಗ ನನ್ನ ಚೀಲದಲ್ಲಿದೆ. ನೆನೆಸಿಕೊಂಡರೆ ನಗು ತಡೆಯಲಾಗುತ್ತಿಲ್ಲ. ನಾನೂ ಅಲ್ಲಿನ ಹೆಂಗಸೇ ಅಲ್ಲವೇ? ಇಷ್ಟು ದಿನ ನನ್ನ ಬಾಟಲಿಯೂ ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ಇವತ್ತು ಖಾಲಿ.